ಸುಗ್ಗಿಯ ತಿಂಗಳಿಗೆ ಕೊಟ್ಟಿಗೆಯ ಸಿದ್ಧತೆ

ರಾಗಿ ಬೆಳೆಯುವ ಹಳ್ಳಿಗಳಲ್ಲಿ ನವೆಂಬರ್, ಡಿಸೆಂಬರ್ ತಿಂಗಳುಗಳು ಉಸಿರಾಡಲು ಬಿಡುವಿಲ್ಲದ ದಿನಗಳು. ಕೊಯ್ಲು, ಕಟ್ಟು, ಮೆದೆ, ಕಣ ಎಂದು ಒಂದರ ಹಿಂದೆ ಒಂದು ಕೆಲಸ. ಮೋಡ ಕಂಡರೆ ಮನೆಮಂದಿಯೆಲ್ಲ ಹೊಲಕ್ಕೆ ಓಡಬೇಕು. ಹಸು ಮಾತ್ರ ಸುಗ್ಗಿಯೆಂದು ರಜೆ ಕೊಡುವುದಿಲ್ಲ. ಸಂಘದಲ್ಲಿ ಹಾಲು ಅಳೆಯುವ ಹೊತ್ತಿಗೆ ಎರಡು ವೇಳೆಯೂ ಹಾಲು ತಲುಪಲೇಬೇಕು. ಈ ಎರಡು ದುಡಿಮೆಗಳ ನಡುವೆ ಸಿಕ್ಕಿ ನಲುಗುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು ಎಂಬುದನ್ನು ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಸುಗ್ಗಿಯಲ್ಲಿ ಕೊಟ್ಟಿಗೆಯಿಂದ ಬಂದೆರಗುವ ಕೆಲಸಗಳಲ್ಲಿ ಬಹುಪಾಲು ಹಠಾತ್ತನೆ ಬಂದವಲ್ಲ. ಕೃತಕ ಗರ್ಭಧಾರಣೆ ಮಾಡಿಸಿದ ದಿನವೇ ಅವುಗಳಲ್ಲಿ ಹಲವಕ್ಕೆ ದಿನಾಂಕ ನಿಗದಿಯಾಗಿರುತ್ತದೆ. ಆ ದಿನಾಂಕವನ್ನು ನಾವು ಬರೆದಿಟ್ಟಿರುವುದಿಲ್ಲ, ಅಷ್ಟೆ.

ಲೆಕ್ಕ ಬಹಳ ಸುಲಭ. ಮಿಶ್ರತಳಿ ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ಗರ್ಭಧಾರಣೆಯ ದಿನದಿಂದ ಒಂಬತ್ತು ತಿಂಗಳು ಮುಂದೆ ಎಣಿಸಿ ಒಂದು ವಾರ ಸೇರಿಸಿದರೆ ಸಾಕು. ಫೆಬ್ರವರಿ 15ರಂದು ಕಟ್ಟಿದ ಹಸು ನವೆಂಬರ್ 22ರ ಆಸುಪಾಸಿನಲ್ಲಿ ಕರು ಹಾಕುತ್ತದೆ, ಅಂದರೆ ಸರಿಯಾಗಿ ರಾಗಿ ಕೊಯ್ಲಿನ ನಡುವೆ. ಎಮ್ಮೆಗೆ ಸುಮಾರು 310 ದಿನ ಹಿಡಿಯಿರಿ. ಗರ್ಭಧಾರಣೆಯ ಚೀಟಿಯನ್ನು ಮಾಡಿನ ಸಂದಿಗೆ ಸಿಕ್ಕಿಸುವ ಬದಲು, ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ಗುರುತು ಮಾಡಿಕೊಳ್ಳಿ. ಮೂರು ತಿಂಗಳಿಗೆ ಗಬ್ಬ ಪರೀಕ್ಷೆ, ಏಳು ತಿಂಗಳು ತುಂಬಿದಾಗ ಹಾಲು ಬತ್ತಿಸುವುದು, ಕೊನೆಗೆ ಕರು ಹಾಕುವ ದಿನ.

ಹಾಗಾದರೆ ಸುಗ್ಗಿಯಲ್ಲಿ ಕರು ಬೀಳದಂತೆ ಬೆದೆಯನ್ನೇ ಬಿಟ್ಟುಬಿಡಬಹುದೇ ಎಂದು ಕೆಲವರು ಕೇಳುತ್ತಾರೆ. ಬೇಡ. ಬೆದೆ 21 ದಿನಕ್ಕೊಮ್ಮೆ ಬರುವಂಥದು. ಒಂದು ಬೆದೆ ಬಿಟ್ಟರೆ ಮೂರು ವಾರ ಬರಿಗಬ್ಬದಲ್ಲಿ ಮೇವು ಹಾಕಿದಂತೆ. ಮೂರು ಬಿಟ್ಟರೆ ಎರಡು ತಿಂಗಳ ಹಾಲೇ ಹೋಯಿತು. ಮೊದಲ ಸಲ ಕಟ್ಟಿಸುವ ಪಡ್ಡೆಯಾದರೆ, ಅಥವಾ ಮನೆಯ ಎರಡೂ ಹಸುಗಳು ಒಂದೇ ವಾರದಲ್ಲಿ ಕರು ಹಾಕುವಂತಿದ್ದರೆ, ಒಂದು ಬೆದೆ ಮುಂದೂಡಬಹುದು. ಉಳಿದಂತೆ ದಿನ ಬದಲಿಸುವುದಕ್ಕಿಂತ ಆ ದಿನಕ್ಕೆ ತಯಾರಾಗುವುದೇ ಲಾಭ.

ಹಾಲು ಬತ್ತಿಸುವ ವಿಷಯದಲ್ಲಿ ನಮ್ಮವರು ಮಾಡುವ ಚೌಕಾಶಿ ದೊಡ್ಡದು. ಬಟವಾಡೆ ಕಡಿಮೆಯಾಗುತ್ತದೆಂದು ಎಂಟೂವರೆ ತಿಂಗಳವರೆಗೂ ಕರೆಯುತ್ತಾರೆ. ಮುಂದಿನ ಕರುವಿನ ಹಾಲು ಇಳಿಯುವುದು ಇದರಿಂದಲೇ. ನವೆಂಬರಿನಲ್ಲಿ ಕರು ಹಾಕುವ ಹಸುವನ್ನು ಸೆಪ್ಟೆಂಬರ್ ಕೊನೆಯೊಳಗೆ ಬತ್ತಿಸಿದರೆ ಅದಕ್ಕೆ ಎರಡು ತಿಂಗಳ ವಿಶ್ರಾಂತಿ. ಕೊಯ್ಲು ಶುರುವಾಗುವ ಹೊತ್ತಿಗೆ ಮನೆಯಾಕೆಗೂ ಒಂದು ಹಸುವಿನ ಕರೆತ ಉಳಿದಿರುತ್ತದೆ. ಬತ್ತಿಸುವಾಗ ಕೆಚ್ಚಲಿಗೆ ಹಾಕಿಸಬೇಕಾದ ಔಷಧಿಯ ಬಗ್ಗೆ ಪಶುವೈದ್ಯರನ್ನು ಕೇಳಿ.

ಮೇವು: ಜುಲೈಯಲ್ಲೇ ಯೋಚಿಸಿ

ಸುಗ್ಗಿಯಲ್ಲಿ ಹೆಚ್ಚು ಸಮಯ ತಿನ್ನುವ ಕೆಲಸ ಹಸಿರು ಮೇವು ಕೊಯ್ದು ಹೊತ್ತು ತರುವುದು. ಇದಕ್ಕೆ ರಸಮೇವೇ ಉತ್ತರ. ಎರಡು ಹಸುಗಳಿಗೆ ದಿನಕ್ಕೆ ತಲಾ 15 ಕಿಲೋ ಹಿಡಿದರೆ, ಒಂದು ತಿಂಗಳಿಗೆ 900 ಕಿಲೋ ಬೇಕು. ಒಂದು ಘನ ಮೀಟರ್ ಗುಂಡಿಯಲ್ಲಿ ಸುಮಾರು 500 ಕಿಲೋ ಹಿಡಿಸುತ್ತದೆ. ಆದ್ದರಿಂದ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿ ಸಾಕು. ಗುಂಡಿ ತೋಡಲು ಜಾಗವಿಲ್ಲದವರು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲೂ ತುಂಬಬಹುದು. ಜುಲೈ ಮೊದಲ ಭಾಗದಲ್ಲಿ ಮೆಕ್ಕೆಜೋಳ ಬಿತ್ತಿದರೆ ಸೆಪ್ಟೆಂಬರ್ ಕೊನೆಗೆ ಕಾಳು ಹಾಲು ತುಂಬಿ ಗಟ್ಟಿಯಾಗತೊಡಗುತ್ತದೆ. ಆಗಲೇ ಕತ್ತರಿಸಿ, ಚೆನ್ನಾಗಿ ತುಳಿದು, ಗಾಳಿಯಾಡದಂತೆ ಮುಚ್ಚಬೇಕು. 45 ದಿನಕ್ಕೆ, ಅಂದರೆ ನವೆಂಬರ್ ನಡುವೆ, ತೆರೆಯಬಹುದು. ಹಿಂಗಾರು ಮಳೆಯ ನೀರು ನುಗ್ಗಿದರೆ ಎಲ್ಲ ಕೊಳೆಯುತ್ತದೆ. ಎತ್ತರದ ಜಾಗ ಆರಿಸಿ, ಮೇಲೆ ಮಣ್ಣು ಹೇರಿ. ಬೂಷ್ಟು ಹಿಡಿದ ಭಾಗವನ್ನು ಹಸುವಿಗೆ ಹಾಕಬೇಡಿ. ಹೊಸದಾಗಿ ತೆರೆದ ರಸಮೇವನ್ನು ಮೊದಲ ದಿನವೇ ಬುಟ್ಟಿ ತುಂಬ ಕೊಡದೆ ಒಂದು ವಾರದಲ್ಲಿ ನಿಧಾನವಾಗಿ ಹೆಚ್ಚಿಸಿ.

ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಬಾರಿ. ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯುತ್ತದೆಂದು, ಕೆಲಸದ ಗಡಿಬಿಡಿಯೆಂದು ತಪ್ಪಿಸಿಕೊಳ್ಳುವವರಿದ್ದಾರೆ. 2013ರಲ್ಲಿ ರಾಜ್ಯದ ದಕ್ಷಿಣ ಜಿಲ್ಲೆಗಳಲ್ಲಿ ಈ ರೋಗ ಕೊಟ್ಟಿಗೆಗಳನ್ನು ಬರಿದು ಮಾಡಿದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಗಬ್ಬ ಮುಂದುವರಿದ ಹಸುವಿದ್ದರೆ ಲಸಿಕೆಯವರಿಗೆ ಮೊದಲೇ ತಿಳಿಸಿ.

ಕರು ಹಾಕಿದ ಮೂರು ದಿನ

ಎಲ್ಲರೂ ಕಣದಲ್ಲಿದ್ದಾಗ ಹಸು ಕರು ಹಾಕಿದರೆ ಅಪಾಯವಿರುವುದು ನಂತರದ 72 ಗಂಟೆಗಳಲ್ಲಿ. ಚೆನ್ನಾಗಿ ಹಾಲು ಕೊಡುವ, ಮೂರನೆಯ ಕರುವಿನಿಂದ ಮೇಲಿನ ಹಸುಗಳಿಗೆ ಹಾಲು ಜ್ವರ ಬರುವುದು ಆಗಲೇ. ಹಸು ತೂರಾಡುತ್ತದೆ, ಮಲಗಿದ್ದು ಏಳುವುದಿಲ್ಲ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಳ್ಳುತ್ತದೆ, ಕಿವಿ ತಣ್ಣಗಾಗುತ್ತದೆ. ಹೆಸರು ಜ್ವರವಾದರೂ ಮೈ ಬಿಸಿ ಇರುವುದಿಲ್ಲ. ಅದಕ್ಕೇ ಮನೆಯವರು ದಣಿದು ಮಲಗಿದೆ ಎಂದುಕೊಳ್ಳುತ್ತಾರೆ. ಸಂಜೆಯವರೆಗೆ ಕಾದರೆ ಹಸು ಉಳಿಯದೆ ಹೋಗಬಹುದು. ವೈದ್ಯರು ಸಮಯಕ್ಕೆ ರಕ್ತನಾಳದ ಮೂಲಕ ಕ್ಯಾಲ್ಸಿಯಂ ಕೊಟ್ಟರೆ ಬಹುತೇಕ ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಬಿದ್ದ ಹಸುವಿನ ಬಾಯಿಗೆ ಏನನ್ನೂ ಸುರಿಯಬೇಡಿ. ಆದ್ದರಿಂದ ಆ ಮೂರು ದಿನ ಒಬ್ಬರು ಮನೆಯಲ್ಲೇ ಉಳಿಯಬೇಕು. ಅದು ಸೋಮಾರಿತನವಲ್ಲ, ಆ ಹಸುವಿನ ಬೆಲೆ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಕರುವಿಗೆ ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸುವುದೂ ಅವರ ಕೆಲಸ.

ಕಣದ ಪಕ್ಕದಲ್ಲಿ ಹಗ್ಗ ಬಿಚ್ಚಿಕೊಂಡ ಹಸು ರಾಶಿಗೆ ಬಾಯಿ ಹಾಕುವುದು ಸುಗ್ಗಿಯ ಇನ್ನೊಂದು ಅನಾಹುತ. ಹೊಟ್ಟೆ ತುಂಬ ಕಾಳು ತಿಂದಿದ್ದರೆ ಉಬ್ಬರ ಕಾಣುವವರೆಗೆ ಕಾಯದೆ ವೈದ್ಯರನ್ನು ಕರೆಸಿ.

ಕೊನೆಯದಾಗಿ, ಆಳಿನ ವಿಷಯ. ಹೊಲದ ಕೆಲಸಕ್ಕೆ ಮುಯ್ಯಾಳು ಕೂಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು. ಅದನ್ನು ಕೊಟ್ಟಿಗೆಗೂ ತರಬಹುದು. ನಿಮ್ಮ ಕಣದ ದಿನ ನೆರೆಮನೆಯಾಕೆ ನಿಮ್ಮ ಹಸುವನ್ನೂ ಕರೆದು ಸಂಘಕ್ಕೆ ಹಾಕಲಿ, ಅವರ ಕಣದ ದಿನ ನೀವು. ಒಂದು ಮಾತು: ಹೊಸ ಕೈಗೆ ಹಸು ಹಾಲು ಇಳಿಸದು. ಅಕ್ಟೋಬರಿನಲ್ಲೇ ಒಂದು ವಾರ ಆಕೆಯನ್ನು ಜೊತೆಗೆ ಕೂರಿಸಿಕೊಂಡು ಕರೆಸಿ, ಹಿಂಡಿ ಹಾಕಿಸಿ, ಮೈ ಸವರಿಸಿ. ಆಗ ಸುಗ್ಗಿಯ ಸಂಜೆ ಆಕೆ ಬಕೆಟ್ ಹಿಡಿದು ಬಂದರೆ ಹಸು ಒದೆಯುವುದಿಲ್ಲ.