ಗೆಳತಿಯ ಕಂಪಾಸ್ ಪೆಟ್ಟಿಗೆ

ಟ್ರಂಕು ತೆಗೆದಾಗಲೆಲ್ಲ ಆ ತಗಡಿನ ಕಂಪಾಸ್ ಪೆಟ್ಟಿಗೆ ಕೈಗೆ ಸಿಗುತ್ತದೆ. ಬಣ್ಣ ಹೋಗಿ ತುಕ್ಕು ಹಿಡಿದಿದೆ. "ಅವ್ವಾ, ಗುಜರಿಗೆ ಹಾಕೂಣೇನ?" ಎಂದು ಮಕ್ಕಳು ಎಷ್ಟೋ ಸಲ ಕೇಳಿದ್ದಾರೆ. ನಾನು ಕೊಟ್ಟಿಲ್ಲ. ಅದು ನನ್ನದಲ್ಲವಲ್ಲ!

ನನ್ನ ತವರು ಬಾಗಲಕೋಟೆ. 1997ರ ಆಗಸ್ಟಿನಲ್ಲಿ ಅದು ಬಿಜಾಪುರದಿಂದ ಬೇರೆ ಜಿಲ್ಲೆಯಾಯಿತು. ಅದೇ ವರ್ಷ ನಮ್ಮ ಎಸ್ಸೆಸ್ಸೆಲ್ಸಿ. ಐದನೇ ಇಯತ್ತೆಯಿಂದ ನಾನೂ ಅವಳೂ ಒಂದೇ ಬೆಂಚು. ನನ್ನ ಡಬ್ಬಿಯ ರೊಟ್ಟಿಗೆ ಅವಳ ಮನೆಯ ಶೇಂಗಾ ಚಟ್ನಿ. ಲೆಕ್ಕದಲ್ಲಿ ಅವಳು ನನಗಿಂತ ಎಷ್ಟೋ ಮುಂದೆ.

ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬರುತ್ತದೆಂದು ಊರಲ್ಲೆಲ್ಲ ಆಗ ಒಂದೇ ಮಾತು. ಯಾರ ಮನೆ ಮುಳುಗಡೆ, ಯಾರಿಗೆಷ್ಟು ಪರಿಹಾರ! ಅವಳ ಮನೆ ತಗ್ಗಿನಲ್ಲಿತ್ತು. ಕೈಗೆ ಬಂದ ದುಡ್ಡು ಕರಗುವ ಮೊದಲೇ ಮಗಳ ಮದುವೆ ಮುಗಿಸಬೇಕೆಂದು ಅವಳ ಅಪ್ಪ ನಿಶ್ಚಯಿಸಿದರು. ಪರೀಕ್ಷೆಗೆ ಒಂದೇ ತಿಂಗಳಿತ್ತು.

"ನಿನ್ನ ಕೈವಾರ ಮುರದೈತಲ್ಲ, ಇದನ್ನ ತಗೊಂಡು ಬರಿ. ನಾ ಹೆಂಗೂ ಪರೀಕ್ಷಾ ಬರಿಯಾಂಗಿಲ್ಲ" ಎಂದು ಪೆಟ್ಟಿಗೆ ನನ್ನ ಕೈಗಿಟ್ಟಳು. ಮದುವೆಗೆ ನಾನು ಹೋಗಲಿಲ್ಲ. ಓದುವುದಿದೆ ಎಂದು ನೆವ ಹೇಳಿದೆ. ನಿಜ ಹೇಳಬೇಕೆಂದರೆ, ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

2000ರಲ್ಲಿ ಸುಪ್ರೀಂ ಕೋರ್ಟು ಆಣೆಕಟ್ಟಿಗೆ 519.6 ಮೀಟರ್ ಮಟ್ಟದ ಒಪ್ಪಿಗೆ ಕೊಟ್ಟಿತು. ತಗ್ಗಿನ ಓಣಿಗಳು ಖಾಲಿಯಾದವು. ನಮ್ಮವರೂ ನವನಗರದ ಸೆಕ್ಟರಿಗೆ ಬಂದರು. ಹಳೇ ಓಣಿಯ ನೆರೆಹೊರೆ ಚದುರಿಹೋಯಿತು. ನಾನೂ ಮದುವೆಯಾಗಿ ಬೇರೆ ಊರು ಸೇರಿದೆ.

ಕಳೆದ ಪಂಚಮಿಗೆ ತವರಿಗೆ ಹೋದಾಗ ಪೆಟ್ಟಿಗೆಯನ್ನೂ ಒಯ್ದೆ. ಈ ಸಲ ಹುಡುಕಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿದ್ದೆ. ಮಗ ಫೇಸ್‌ಬುಕ್‌ನಲ್ಲಿ ನೋಡಿದ. ಅವಳ ಅಡ್ಡಹೆಸರು ಬದಲಾಗಿರುತ್ತದೆ, ಸಿಗುವುದೆಲ್ಲಿ? ಮತದಾರರ ಪಟ್ಟಿಯಲ್ಲಿ ಹುಡುಕೋಣವೆಂದರೆ ಮದುವೆಯಾದವಳ ಹೆಸರಿನ ಜೊತೆ ಇರುವುದು ಗಂಡನ ಹೆಸರು. ಆ ಹೆಸರೇ ನನಗೆ ಗೊತ್ತಿಲ್ಲ! ಮದುವೆಗೆ ಹೋಗಿದ್ದರೆ ಅಷ್ಟಾದರೂ ಗೊತ್ತಿರುತ್ತಿತ್ತು. ಶಾಲೆಗೆ ಹೋದೆ. ಗುಮಾಸ್ತರು ಹಳೇ ರಿಜಿಸ್ಟರು ತಿರುವಿ, "ಟಿ.ಸಿ. ಒಯ್ದಾಂಗಿಲ್ರೀ ಅಕ್ಕಾರ" ಅಂದರು. ಕರುಳು ಚುರ್ ಅಂತು.

ಕೊನೆಗೆ ದಾರಿ ತೋರಿಸಿದವಳು ನಮ್ಮ ಹಳೇ ಓಣಿಗೆ ಬಳೆ ಇಡಿಸಲು ಬರುತ್ತಿದ್ದ ಅಜ್ಜಿ. "ಅಕಿ ಅಣ್ಣಂದು ಹಿಟ್ಟಿನ ಗಿರಣಿ ಐತಲ್ಲವಾ" ಎಂದು ಸೆಕ್ಟರ್ ನಂಬರೂ ಹೇಳಿದಳು. ಅಣ್ಣ ಕೂಡಲೇ ಫೋನ್ ನಂಬರ್ ಕೊಡಲಿಲ್ಲ. ನನ್ನ ನಂಬರ್ ಬರೆದುಕೊಂಡು, "ಆಕಿನ್ನ ಕೇಳಿ ಹೇಳ್ತೀನ್ರೀ" ಅಂದ. ಅದೇ ಸರಿ ಅನಿಸಿತು.

ರಾತ್ರಿ ಫೋನ್ ಬಂತು, ಸೊಲ್ಲಾಪುರದಿಂದ. ಅವಳ ಮೊದಲ ಮಾತು, "ಪಾಸಾದೇನ?"

"ಆದೆ. ನಿನ್ನ ಪೆಟ್ಟಿಗಿಯಿಂದನ."

"ಮತ್ತ ಮದುವಿಗೆ ಯಾಕ ಬರಲಿಲ್ಲ? ಅಕ್ಕಿಕಾಳು ಬೀಳೂತನಕ ಬಾಗಲಾ ನೋಡಿದೆ."

ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೇ, "ಬರೂ ಪಂಚಮಿಗೆ ಬರ್ತೀನಿ. ಉಂಡಿ ಕಟ್ಟಿಡು. ಪೆಟ್ಟಿಗಿ ಮಾತ್ರ ಮರೀಬ್ಯಾಡ" ಅಂದಳು.

ಸೋದರಿಯರೇ, ನೀವೂ ಯಾರನ್ನಾದರೂ ಹುಡುಕುತ್ತಿದ್ದರೆ ಅವಳ ಹೆಸರೊಂದನ್ನೇ ನಂಬಿ ಕೂರಬೇಡಿ. ಅವಳ ಅಪ್ಪನ ಹೆಸರು, ಓಣಿ, ಅಣ್ಣತಮ್ಮಂದಿರ ಉದ್ಯೋಗ ನೆನಪು ಮಾಡಿಕೊಳ್ಳಿ. ಬಳೆಗಾರ್ತಿ, ಹೂವಿನವಳು, ಹಳೇ ದರ್ಜಿಯನ್ನು ವಿಚಾರಿಸಿ. ವಿಳಾಸ ಸಿಕ್ಕರೂ ಏಕಾಏಕಿ ಅವಳ ಮನೆ ಬಾಗಿಲಿಗೆ ಹೋಗಬೇಡಿ, ಮೊದಲು ಅವಳ ಒಪ್ಪಿಗೆ ಕೇಳಿಸಿ. ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದರೆ ಅವಳ ಗೆಳತಿಯರ ವಿಳಾಸಗಳನ್ನು ಇವತ್ತೇ ಒಂದು ನೋಟುಬುಕ್ಕಿನಲ್ಲಿ ಬರೆಸಿಡಿ.

ಉಂಡಿಗೆ ಶೇಂಗಾ ಈಗಲೇ ಆರಿಸಿಟ್ಟಿದ್ದೇನೆ.