ಕಡಲೊಡಲಿನ ಕಿವಿಗಳು

ಕಡಲ ತಡಿಯಲ್ಲಿ ನಿಂತವನಿಗೆ ಸಮುದ್ರವೆಂದರೆ ಘೋಷ. ಅದರ ಒಡಲಿಗೆ ಇಳಿದವನಿಗೆ ಮೌನ. ಅಲೆಗಳ ಕೆಳಗಿನ ಲೋಕವು ನಿಃಶಬ್ದವೆಂದು ಮಾನವನು ಬಹುಕಾಲ ನಂಬಿದ್ದನು. ಫ್ರಾನ್ಸಿನ ಪ್ರಖ್ಯಾತ ಸಮುದ್ರಶೋಧಕ ಜಾಕ್ ಕುಸ್ತೋ ಸಹಲೇಖಕನೊಡನೆ ಬರೆದು 1953ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ‘ಮೌನಲೋಕ’ ಎಂಬರ್ಥದ ಹೆಸರನ್ನೇ ಇಟ್ಟನು. ವಸ್ತುತಃ ಆ ಮೌನವು ಮಾನವನ ಕಿವಿಯ ದೌರ್ಬಲ್ಯವೇ ಹೊರತು ಸಮುದ್ರದ ಗುಣವಲ್ಲ.

ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗಿದರೆ ಸಮುದ್ರದ ನೀರಿನಲ್ಲಿ ಸುಮಾರು 1500 ಮೀಟರು ಸಾಗುತ್ತದೆ. ಬೆಳಕಾದರೋ 200 ಮೀಟರು ಆಳವನ್ನು ಮುಟ್ಟುವಷ್ಟರಲ್ಲಿ ಬಹುಮಟ್ಟಿಗೆ ನಂದಿಹೋಗುವುದು. ಆದುದರಿಂದ ಅಲ್ಲಿಯ ಜೀವಿಗಳಿಗೆ ಆಹಾರ, ಸಂಗಾತಿ, ಮರಿ, ಶತ್ರು ಇವುಗಳನ್ನು ಗುರುತಿಸಲು ಕಣ್ಣಿಗಿಂತ ಕಿವಿಯೇ ಹೆಚ್ಚಿನ ಆಸರೆ. ಮಾನವನಾದರೋ ಎರಡು ಕಿವಿಗಳಿಗೆ ಧ್ವನಿ ಮುಟ್ಟುವ ಕಾಲದ ಅಂತರವನ್ನು ಹಿಡಿದು ದಿಕ್ಕನ್ನು ಅರಿಯುತ್ತಾನೆ. ನೀರಿನಲ್ಲಿ ಶಬ್ದದ ವೇಗ ನಾಲ್ಕು ಪಟ್ಟಿಗೂ ಮೀರುವುದರಿಂದ ಆ ಅಂತರವು ಕುಗ್ಗಿ, ಅವನಿಗೆ ದಿಕ್ಕೇ ತೋಚದಂತಾಗುವುದು.

ಹಾಗಾದರೆ ಮಾತನಾಡಲಾರದ ಜೀವಿಗೆ ಏನು ಕೇಳಿಸುತ್ತದೆಂಬುದನ್ನು ತಿಳಿಯುವ ಬಗೆ ಯಾವುದು? ವಿಜ್ಞಾನಿಗಳು ಇದಕ್ಕೆ ತಾಳ್ಮೆಯ ಮಾರ್ಗವೊಂದನ್ನು ಕಂಡುಕೊಂಡರು. ಧ್ವನಿ ಕೇಳಿಸಿದರೆ ಹೋಗಿ ಹಲಗೆಯನ್ನು ಮುಟ್ಟಬೇಕು, ಕೇಳಿಸದಿದ್ದರೆ ಇದ್ದಲ್ಲಿಯೇ ಇರಬೇಕು ಎಂದು ಪ್ರಾಣಿಗೆ ಕಲಿಸುವುದು. ಸರಿಯಾದ ಉತ್ತರಕ್ಕೆ ಮೀನನ್ನು ಬಹುಮಾನವಾಗಿ ಕೊಡುವುದು. ಬಳಿಕ ಧ್ವನಿಯನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತಾ ಹೋಗುವುದು. ಮೀನಿನಾಸೆಗೆ ಅದು ಸುಳ್ಳು ಹೇಳದಂತೆ ನಡುನಡುವೆ ಧ್ವನಿಯೇ ಇಲ್ಲದ ಸರದಿಗಳನ್ನೂ ಸೇರಿಸುವರು. ಇಂತಹ ಪರೀಕ್ಷೆಯಿಂದ ಡಾಲ್ಫಿನ್ ಸೆಕೆಂಡಿಗೆ ಸುಮಾರು 1,50,000 ಕಂಪನಗಳ ಧ್ವನಿಯವರೆಗೆ ಕೇಳಬಲ್ಲುದೆಂದು ಅಮೆರಿಕದ ಸ್ಕಾಟ್ ಜಾನ್ಸನ್ 1967ರಲ್ಲಿ ಪ್ರಕಟಿಸಿದನು. ಮಾನವನ ಕಿವಿಯ ಮೇರೆ ಸುಮಾರು 20,000 ಕಂಪನ.

ಸಂಸ್ಕೃತದಲ್ಲಿ ಹಾವಿಗೆ ‘ಚಕ್ಷುಃಶ್ರವ’ ಎಂಬ ಹೆಸರಿದೆ. ಕಣ್ಣಿನಿಂದಲೇ ಕೇಳುವುದೆಂದು ಅದರ ಅರ್ಥ. ಡಾಲ್ಫಿನ್ನಿನ ರೀತಿ ಇದಕ್ಕೆ ವಿಪರೀತ. ಅದು ಕಿವಿಯಿಂದಲೇ ಕಾಣುತ್ತದೆ. ಕೆನೆತ್ ನಾರಿಸ್ ಮತ್ತು ಸಂಗಡಿಗರು ಡಾಲ್ಫಿನ್ನಿನ ಕಣ್ಣುಗಳಿಗೆ ರಬ್ಬರಿನ ಮುಚ್ಚಳವಿಟ್ಟು, ನೀರಿನಲ್ಲಿ ನೆಟ್ಟ ಕೊಳವೆಗಳ ನಡುವೆ ಬಿಟ್ಟರು. ಅದು ತಾನೇ ಹೊರಡಿಸಿದ ಧ್ವನಿಯ ಪ್ರತಿಧ್ವನಿಯನ್ನು ಆಲಿಸುತ್ತಾ ಕೊಳವೆಗಳನ್ನು ತಪ್ಪಿಸಿಕೊಂಡು ಸಾಗಿತು, ಮೀನನ್ನೂ ಹುಡುಕಿತು. 1961ರಲ್ಲಿ ಪ್ರಕಟವಾದ ಈ ಪ್ರಯೋಗದ ತರುವಾಯ ನಾರಿಸ್ ಇನ್ನೊಂದು ವಿಚಾರವನ್ನು ಮುಂದಿಟ್ಟನು: ಆ ಧ್ವನಿ ಒಳಕಿವಿಯನ್ನು ಸೇರುವುದು ಕೆಳದವಡೆಯ ಕೊಬ್ಬಿನ ಮೂಲಕ. 1988ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕೆಳದವಡೆಗೆ ಶಬ್ದ ತಡೆಯುವ ಕವಚ ತೊಡಿಸಿದಾಗ ಡಾಲ್ಫಿನ್ನಿನ ಸಾಮರ್ಥ್ಯ ಕುಂದಿತು. ನಾರಿಸನ ಊಹೆಗೆ ಅದರಿಂದ ಬಲ ಬಂದಿತು.

ದೊಡ್ಡ ತಿಮಿಂಗಿಲವನ್ನು ಹೀಗೆ ಕೊಳದಲ್ಲಿಟ್ಟು ಪಳಗಿಸಲಾಗದು. ನಾರ್ವೆಯ ಲೊಫೋಟೆನ್ ದ್ವೀಪಗಳ ಬಳಿ 2023ರಲ್ಲಿ ಎಳೆಯ ಮಿಂಕೆ ತಿಮಿಂಗಿಲಗಳೆರಡನ್ನು ಸ್ವಲ್ಪ ಹೊತ್ತು ತಡೆದು, ಚರ್ಮದ ಮೇಲೆ ವಿದ್ಯುದ್ವಾರಗಳನ್ನು ಇರಿಸಿ, ಧ್ವನಿಗೆ ಮಿದುಳು ಕೊಡುವ ಸೂಕ್ಷ್ಮ ವಿದ್ಯುತ್ ಉತ್ತರವನ್ನು ಅಳೆದು, ಬಿಟ್ಟುಬಿಟ್ಟರು. ಅವು 45,000ದಿಂದ 90,000 ಕಂಪನಗಳ ವ್ಯಾಪ್ತಿಯವರೆಗೂ ಕೇಳುತ್ತವೆಂದು 2024ರಲ್ಲಿ ಪ್ರಕಟವಾಯಿತು. ಅಲ್ಲಿಯವರೆಗಿನ ಊಹೆಗಿಂತ ಇದು ಬಹಳ ಹೆಚ್ಚು.

ಮೀನಿಗಾಗಿ ಮುಳುಗುವ ಕಡಲಹಕ್ಕಿಗಳ ಕಿವಿ ಗಾಳಿಗೆಂದು ರೂಪುಗೊಂಡುದು. ನೀರಿನಲ್ಲಿ ಅದರಿಂದ ಪ್ರಯೋಜನವೇನೆಂದು ಅನೇಕರು ಉಪೇಕ್ಷಿಸಿದ್ದರು. ಪಳಗಿಸಿದ ನೀರುಕಾಗೆಯೊಂದು ನೀರಿನೊಳಗೂ ಧ್ವನಿಯನ್ನು ಗುರುತಿಸುವುದೆಂದು 2017ರಲ್ಲಿ ತಿಳಿದುಬಂದಿತು. 2020ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಮೃಗಾಲಯದ ಜೆಂಟೂ ಪೆಂಗ್ವಿನ್‌ಗಳಿಗೆ ನೀರಿನೊಳಗೆ ಸದ್ದು ಕೇಳಿಸಿದ ಫಲಿತಾಂಶವನ್ನು ಪ್ರಕಟಿಸಿದರು. ಸದ್ದು ಬಲಿತಂತೆಲ್ಲ ಹಕ್ಕಿಗಳ ಬೆದರಿಕೆಯೂ ಬಲಿಯಿತು. ದಕ್ಷಿಣ ಆಫ್ರಿಕದ ತೀರದಲ್ಲಿ ತೈಲಾನ್ವೇಷಣೆಯ ಸ್ಫೋಟಧ್ವನಿಗಳು ನಡೆಯುತ್ತಿದ್ದಾಗ ಆಫ್ರಿಕದ ಪೆಂಗ್ವಿನ್‌ಗಳು ತಮ್ಮ ಮೆಚ್ಚಿನ ಬೇಟೆಯ ಎಡೆಗಳನ್ನು ತೊರೆದು ದೂರ ಹೋದುವೆಂದೂ, ಸದ್ದಡಗಿದ ಮೇಲೆ ಬೇಗನೆ ಹಿಂದಿನ ರೂಢಿಗೆ ಮರಳಿದುವೆಂದೂ 2017ರ ಅಧ್ಯಯನವೊಂದು ತಿಳಿಸುತ್ತದೆ. ದೂರದ ಬೇಟೆಗೆ ಹೆಚ್ಚು ಶ್ರಮ ಬೇಕು. ಗೂಡಿನಲ್ಲಿ ಮರಿಯಿದ್ದ ಹಕ್ಕಿಗೆ ಆ ಶ್ರಮ ಅಲ್ಪವಲ್ಲ.

ಹಡಗುಗಳ ಎಡೆಬಿಡದ ಗುಡುಗು ಏನು ಮಾಡುತ್ತದೆಂಬುದು ಒಂದು ದುರಂತದ ನೆರಳಿನಲ್ಲಿ ಬೆಳಕಿಗೆ ಬಂದಿತು. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ನಡೆದ ದಾಳಿಗಳ ಬಳಿಕ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಸಂಚಾರ ಇಳಿಮುಖವಾಯಿತು. ನೀರಿನೊಳಗಿನ ಸದ್ದು 6 ಡೆಸಿಬೆಲ್ ತಗ್ಗಿತು. ಎಂದರೆ ಅದರ ಶಕ್ತಿ ನಾಲ್ಕನೆಯ ಒಂದು ಪಾಲಿಗೆ ಇಳಿಯಿತು. ಅಲ್ಲಿಯ ರೈಟ್ ತಿಮಿಂಗಿಲಗಳ ಮಲವನ್ನು ಪರೀಕ್ಷಿಸುತ್ತಿದ್ದ ಸಂಶೋಧಕರು ಬಳಲಿಕೆಯನ್ನು ಸೂಚಿಸುವ ಹಾರ್ಮೋನುಗಳೂ ಅದೇ ಕಾಲದಲ್ಲಿ ತಗ್ಗಿದ್ದುದನ್ನು ಕಂಡರು. 2012ರಲ್ಲಿ ಈ ವಿಷಯ ಪ್ರಕಟವಾಯಿತು. ಅಳಿವಿನಂಚಿನಲ್ಲಿರುವ ಆ ಪ್ರಾಣಿಗಳು ಹಡಗಿನ ಸದ್ದಿನಲ್ಲಿ ನಿತ್ಯವೂ ಬಳಲುತ್ತಿದ್ದುವೆಂಬುದನ್ನು, ಆ ಸದ್ದು ತಗ್ಗಿದ ಕೆಲವು ದಿನಗಳು ತೋರಿಸಿಕೊಟ್ಟುವು.

ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ ಇಲ್ಲಿದೆ. ನೀರಿಗೆ ಸೇರಿದ ವಿಷ ವರ್ಷಗಟ್ಟಲೆ ಉಳಿಯುವುದು. ಶಬ್ದವಾದರೋ ಯಂತ್ರ ನಿಂತ ಕ್ಷಣವೇ ಅಡಗುವುದು. ಅನೇಕ ಹಡಗುಗಳು ಮೆಲ್ಲನೆ ಸಾಗಿದರೆ ಸದ್ದು ತಗ್ಗುವುದು. ಮರಿಮಾಡುವ ಋತುವಿನಲ್ಲಿ ಸ್ಫೋಟಗಳನ್ನು ತಡೆಹಿಡಿಯಬಹುದು. ಈ ಉಪಾಯಗಳು ಮಾನವನ ಕೈಯಲ್ಲಿಯೇ ಇವೆ. ಆದರೆ ತನಗೆ ಕೇಳಿಸದ ಎಡೆಯಲ್ಲಿಯೂ ಕೇಳುವ ಕಿವಿಗಳುಂಟೆಂದು ಅವನು ಮೊದಲು ಒಪ್ಪಬೇಕು.