ಕ್ಲಾರಿನೆಟ್ ಇದ್ದಕ್ಕಿದ್ದಂತೆ ಮೂಕವಾದಾಗ

ಆಸ್ಟಿನ್‌ನಲ್ಲಿರೋ ಅಕ್ಕನ ಮಗಳು ಒಂದು ಸಂಜೆ ವಿಡಿಯೊ ಕಾಲ್ ಮಾಡಿದಳು. “ಮಾಮಾ, ನಾಳೆ ಬ್ಯಾಂಡ್ ಆಡಿಷನ್. ಕ್ಲಾರಿನೆಟ್‌ನಲ್ಲಿ ಕೆಳಗಿನ ಸ್ವರಗಳೇ ಬರ್ತಿಲ್ಲ, ಬರೀ ಗಾಳಿ!” ಡಲ್ಲಾಸ್, ಹ್ಯೂಸ್ಟನ್ ಕಡೆಯ ಕನ್ನಡ ಮನೆಗಳಿಗೂ ಈ ಫಜೀತಿ ಗೊತ್ತಿರುತ್ತೆ, ಅಲ್ಲಿ ಆರನೇ ಕ್ಲಾಸಿಗೇ ಮಕ್ಕಳು ಬ್ಯಾಂಡ್ ಸೇರ್ತಾರೆ.

ಮೊದಲ ಅನುಮಾನ ರೀಡ್ ಮೇಲೆ. ಅದು ಅರುಂಡೊ ಡೊನಾಕ್ಸ್ ಎಂಬ ದೈತ್ಯ ಹುಲ್ಲಿನ ಸೀಳು. ಜೀವಶಾಸ್ತ್ರದವನು, ಹೇಳದೆ ಇರೋಕಾಗಲ್ಲ: ಇದೇ ಹುಲ್ಲು ಟೆಕ್ಸಾಸ್‌ನ ರಿಯೊ ಗ್ರಾಂಡೆ ದಂಡೆಯಲ್ಲಿ ಕಳೆಯಾಗಿ ಹಬ್ಬಿ, ಅದನ್ನು ತಡೆಯೋಕೆ 2009ರಲ್ಲಿ ಒಂದು ಪುಟ್ಟ ಕಣಜವನ್ನು ತಂದು ಬಿಟ್ಟರು. ಇರಲಿ. ಮೌತ್‌ಪೀಸ್, ಬ್ಯಾರೆಲ್ ಮಾತ್ರ ಜೋಡಿಸಿ ಊದಿಸಿದೆ. ಜೋರಾಗಿ ಕೂಗಿತು. ರೀಡ್ ನಿರಪರಾಧಿ.

ಉಳಿದದ್ದು ಸೋರಿಕೆ. ಸ್ವರ ತಗ್ಗಿದಷ್ಟೂ ಹೆಚ್ಚು ತೂತು ಮುಚ್ಚಬೇಕು. ಒಂದು ಪ್ಯಾಡ್ ಕೂದಲೆಳೆಯಷ್ಟು ತೆರೆದಿದ್ದರೂ ಒಳಗಿನ ಗಾಳಿ ಸರಿಯಾಗಿ ಕಂಪಿಸಲ್ಲ. ಮೇಲಿನ ತುಂಡಿನ ತೂತುಗಳನ್ನು ಬೆರಳಿಂದ, ತಳವನ್ನು ಅಂಗೈಯಿಂದ ಮುಚ್ಚಿ, ಬಾಯಿಂದ ಗಾಳಿ ಎಳೆಯೋಕೆ ಹೇಳಿದೆ. ಬಿಗಿಯಾಗಿ ನಿಂತಿತು. ಎಡಗೈ ಸ್ವರಗಳೂ ಸರಿಯಿದ್ದವು. ಬಲಗೈ ಬೆರಳಿಟ್ಟ ಕೂಡಲೇ ಮೌನ.

ಕ್ಯಾಮೆರಾ ಹತ್ತಿರ ತರಿಸಿ ನೋಡಿದೆ. ಎರಡು ತುಂಡುಗಳನ್ನು ಬೆಸೆಯೋ ಬ್ರಿಡ್ಜ್ ಕೀ ಓರೆಯಾಗಿತ್ತು. ಅದರಿಂದಾಗಿ ಕೆಳಗಿನ ಪ್ಯಾಡ್ ಪೂರ್ತಿ ಮುಚ್ಚುತ್ತಿರಲಿಲ್ಲ. ಅವಸರದಲ್ಲಿ ಜೋಡಿಸಿದ್ದಳು. ಬಿಚ್ಚಿ, ಕೀ ಎತ್ತಿ ಹಿಡಿದು, ನೇರವಾಗಿ ತಿರುಗಿಸಿ ಕೂರಿಸಿದಳು. ತಗ್ಗಿನ ಸ್ವರ ಗುಂಯ್ ಅಂತು.

ಇದೂ ಆಗದಿದ್ದರೆ ರಿಪೇರಿ ಅಂಗಡಿಯೇ ಗತಿ. ಬೇಸಿಗೆಯಲ್ಲಿ ಮಾತ್ರ ಕಾರಿನಲ್ಲಿ ಬಿಟ್ಟುಹೋಗಬೇಡಿ: ಪ್ಯಾಡ್ ಹಿಡಿದಿರೋ ಅಂಟು ಬಿಸಿಗೆ ಮೆತ್ತಗಾಗುತ್ತೆ.